ಮಹಾಶಯ ಅಜೆಲಾಯಿಕ್ ಆಸಿಡ್ ಅವರ ಸನ್ನಿಧಾನಕ್ಕೆ

ಪರಮಪೂಜ್ಯರೇ,

 

ದಾವಣಗೆರೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುವ ನಾನು, ಎರಡನೇ ಹೆರಿಗೆಯ ಹೊತ್ತಿಗೆ ಕೆನ್ನೆಗಳ ಮೇಲೆ ಬಂದು ಕೂತ ಬಂಗಿನ ನಿಮಿತ್ತ ತಮ್ಮ ಆಶ್ರಯಕ್ಕೆ ಬಂದವಳು. ಸ್ಕಿನ್ ಡಾಕ್ಟರು ಚೀಟಿಯಲ್ಲಿ ತಮ್ಮ ಹೆಸರು ಬರೆದುಕೊಟ್ಟಂದಿನಿಂದ ರಾತ್ರಿ ಮುಖ ತೊಳೆದ ಮೇಲೆ ತಮ್ಮ ಸೇವೆಯನ್ನು ತಪ್ಪಿಸಿಲ್ಲ. ತಮ್ಮಿಂದ ಉಪಕಾರವಾಗಿದೆ. ಅದನ್ನು ಮೊದಲು ಹೇಳಿಬಿಟ್ಟು, ಆಮೇಲೆ ದೂರುಗಳನ್ನು ತಮ್ಮ ಪಾದದ ಬಳಿ ಇಡುತ್ತೇನೆ. ದೂರು ನನ್ನೊಬ್ಬಳದಲ್ಲ. ಬಂಗಿನ ಮುಖ ಹೊತ್ತು ಮದುವೆ ಮನೆಯ ಫೋಟೋಗಳಲ್ಲಿ ಹಿಂದಿನ ಸಾಲಿಗೆ ಸರಿಯುವ ಹೆಂಗಸರಿದ್ದಾರೆ. ಮೊಡವೆ ಕಲೆ ಕಾಣದಿರಲೆಂದು ಕೂದಲನ್ನು ಕೆನ್ನೆಗೆ ಎಳೆದುಕೊಂಡು ಕೂರುವ ನನ್ನ ವಿದ್ಯಾರ್ಥಿನಿಯರಿದ್ದಾರೆ. ಅವರೆಲ್ಲರ ಪರವಾಗಿ ಬರೆಯುತ್ತಿದ್ದೇನೆ. ಆದ್ದರಿಂದಲೇ ಇದು ಬಹಿರಂಗ ಪತ್ರ.

ಮೊದಲ ದೂರು ತಮ್ಮ ಮೌನದ ಬಗ್ಗೆ. ತಾವು ಎಲ್ಲೋ ದೂರದ ಪ್ರಯೋಗಾಲಯದಲ್ಲಿ ಹುಟ್ಟಿದವರೆಂದು ತಿಳಿದು ನಾವು ಭಯಭಕ್ತಿಯಿಂದ ಇದ್ದೆವು. ನೋಡಿದರೆ ಗೋಧಿಯಲ್ಲಿದ್ದೀರಿ, ಬಾರ್ಲಿಯಲ್ಲಿದ್ದೀರಿ. ನಮ್ಮ ಚರ್ಮದ ಮೇಲೆ ಸದಾ ವಾಸವಾಗಿರುವ ಮಲಸೇಜಿಯಾ ಎಂಬ ಯೀಸ್ಟ್ ಕೂಡ ಚರ್ಮದ ಜಿಡ್ಡನ್ನು ಒಡೆದು ತಮ್ಮನ್ನು ತಯಾರಿಸಬಲ್ಲದು. ಈ ಯೀಸ್ಟ್ ಮಿತಿಮೀರಿ ಬೆಳೆದಾಗ ಎದೆ, ಬೆನ್ನು, ಕತ್ತಿನ ಮೇಲೆ ಬಿಳಿಚಿದ ಮಚ್ಚೆಗಳು ಏಳುತ್ತವೆ. ನಮ್ಮ ಜನ ಅದನ್ನು ಚಿಬ್ಬು ಅನ್ನುತ್ತಾರೆ. ಸೆಕೆಯೂ ಬೆವರೂ ಇರುವ ಊರುಗಳಲ್ಲಿ ಚಿಬ್ಬು ಏಳದ ಮನೆ ಕಡಿಮೆ. ರೋಮ್ ನಗರದಲ್ಲಿ ಮಾರ್ಚೆಲ್ಲಾ ನಜಾರೊ-ಪೊರ್ರೊ ಮತ್ತು ಸಿರೊ ಪಸ್ಸಿ ಎಂಬ ಇಬ್ಬರು ಸಂಶೋಧಕರು, ಚಿಬ್ಬು ಎದ್ದಲ್ಲಿ ಚರ್ಮದ ಬಣ್ಣ ಯಾಕೆ ಇಳಿಯುತ್ತದೆ ಎಂಬ ಪ್ರಶ್ನೆ ಹಿಡಿದು ಆ ಯೀಸ್ಟನ್ನು ಬೆಳೆಸಿ ನೋಡಿದರು. ಮೆಲನಿನ್ ತಯಾರಿಕೆಗೆ ಬೇಕಾದ ಟೈರೋಸಿನೇಸ್ ಕಿಣ್ವವನ್ನು ತಡೆಯುವ ಆಮ್ಲಗಳು ಅದರಲ್ಲಿ ಸಿಕ್ಕವು. 1978ರಲ್ಲಿ ಅದನ್ನು ಪ್ರಕಟಿಸಿದರು. ಆ ಆಮ್ಲಗಳ ಸಾಲಿನಲ್ಲಿ ತಾವಿದ್ದಿರಿ.

ಚಿಬ್ಬು ಎದ್ದ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ಹಿಂಜರಿಯುವ ಮಕ್ಕಳನ್ನು ನಾನು ತರಗತಿಯಲ್ಲಿ ಕಂಡಿದ್ದೇನೆ. ತೊನ್ನು ಎಂದು ಹೆದರಿ ಮಗಳ ಸಂಬಂಧದ ಮಾತನ್ನೇ ನಿಲ್ಲಿಸಿದ ತಾಯಿಯನ್ನೂ ಕಂಡಿದ್ದೇನೆ. ನಾವು ಇಷ್ಟು ನಾಚಿಕೆಪಟ್ಟುಕೊಂಡ ಒಂದು ಚರ್ಮದ ಕಾಯಿಲೆಯನ್ನು ಕೆದಕಿಯೇ ಜಗತ್ತಿಗೆ ಒಂದು ಔಷಧ ಸಿಕ್ಕಿತು ಎಂಬುದನ್ನು ನಮಗೆ ಯಾರೂ ಹೇಳಲಿಲ್ಲ. ಹತ್ತನೇ ತರಗತಿಯಲ್ಲಿ ಕಾರ್ಬನ್ ಸಂಯುಕ್ತಗಳ ಪಾಠ ಬಂದಾಗ ಎಥನೋಯಿಕ್ ಆಮ್ಲದ ಬಗ್ಗೆ ಹೇಳುತ್ತೇನೆ, ವಿನೆಗರ್ ಮೂಸಿಸುತ್ತೇನೆ. ಈಗ ಅದರ ಜತೆಗೆ ತಮ್ಮ ರಚನೆಯನ್ನೂ ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ. ಒಟ್ಟು ಒಂಬತ್ತು ಕಾರ್ಬನ್, ಎರಡೂ ತುದಿಗೆ ಒಂದೊಂದು ಕಾರ್ಬಾಕ್ಸಿಲ್ ಗುಂಪು. ಪಾಠ ಮುಗಿದ ಮೇಲೆ ಒಬ್ಬರಲ್ಲ ಒಬ್ಬರು ಮೇಜಿನ ಬಳಿ ಬಂದು ದನಿ ತಗ್ಗಿಸಿ, "ಮಿಸ್, ಅದು ಮೊಡವೆಗೂ ಆಗುತ್ತಾ?" ಎಂದು ಕೇಳುತ್ತಾರೆ.

ಆಗುತ್ತದೆ. ಮೊಡವೆ ವಿಷಯದಲ್ಲಿ ತಮ್ಮ ಸೇವೆಗೆ ನಾನು ಕೈ ಮುಗಿಯುತ್ತೇನೆ. ರೋಮರಂಧ್ರದ ಬಾಯಿ ಕಟ್ಟಿಕೊಳ್ಳದಂತೆ ನೋಡಿಕೊಳ್ಳುತ್ತೀರಿ, ಒಳಗಿನ ಬ್ಯಾಕ್ಟೀರಿಯಾದ ಸಂಖ್ಯೆ ತಗ್ಗಿಸುತ್ತೀರಿ, ಉರಿಯೂತ ಇಳಿಸುತ್ತೀರಿ. ಆಂಟಿಬಯಾಟಿಕ್ ಮುಲಾಮುಗಳನ್ನು ಬೇಕಾಬಿಟ್ಟಿ ಹಚ್ಚಿ ಹಚ್ಚಿ ಮೊಡವೆಯ ಬ್ಯಾಕ್ಟೀರಿಯಾ ಅವಕ್ಕೆ ಜಗ್ಗದ ಹಾಗಾಗಿದೆ ಎಂದು ವೈದ್ಯರು ಚಿಂತಿಸುತ್ತಿರುವ ಈ ಕಾಲದಲ್ಲಿ ತಮ್ಮ ವಿಷಯದಲ್ಲಿ ಆ ತೊಂದರೆ ಕಾಣಿಸಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಮೊಡವೆ ಹೋದ ಮೇಲೂ ತಿಂಗಳುಗಟ್ಟಲೆ ಉಳಿಯುವ ಕಂದು ಕಲೆಯನ್ನು ತಾವು ಗಮನಿಸುತ್ತೀರಿ. ನಮ್ಮಂಥ ಎಣ್ಣೆಗಪ್ಪು, ಗೋಧಿ ಬಣ್ಣದವರಿಗೆ ಮೊಡವೆಗಿಂತ ಆ ಕಲೆಯ ಕಾಟವೇ ದೊಡ್ಡದು. ಬಿಳಿಯರಿಗಾಗಿ ಬರೆದ ಪುಸ್ತಕಗಳಲ್ಲಿ ಅದಕ್ಕೆ ಒಂದೆರಡು ಸಾಲಿನ ಜಾಗ ಸಿಕ್ಕರೆ ಹೆಚ್ಚು.

ಇಷ್ಟು ಸ್ತೋತ್ರ ಮಾಡಿದ ಮೇಲೆ, ಮಾನ್ಯರೇ, ತಮ್ಮ ನಿಧಾನದ ಮಾತಿಗೆ ಬರಲು ಅಪ್ಪಣೆ ಬೇಡುತ್ತೇನೆ. ಮೊಡವೆಯಲ್ಲಿ ಏನಾದರೂ ವ್ಯತ್ಯಾಸದ ಸುಳಿವು ಕಾಣಲು ಸುಮಾರು 4 ವಾರ, ನಿಜವಾದ ಫಲಕ್ಕೆ 12 ವಾರ. ಬಂಗಾದರೆ 6 ತಿಂಗಳು. ದಕ್ಷಿಣ ಅಮೆರಿಕದಲ್ಲಿ 329 ಮಹಿಳೆಯರ ಮೇಲೆ ನಡೆಸಿ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಮ್ಮ ಶೇಕಡಾ 20ರ ಕ್ರೀಮನ್ನು ಆ ಕಾಲದ ಹೆಸರುವಾಸಿ ಮದ್ದಾದ ಶೇಕಡಾ 4ರ ಹೈಡ್ರೋಕ್ವಿನೋನ್ ಪಕ್ಕ ಇಟ್ಟು ತೂಗಿದರು. ತಾವು ಅದಕ್ಕೆ ಸರಿಸಮ ನಿಂತಿರಿ. ತಮ್ಮನ್ನು ಹಚ್ಚಿಕೊಂಡವರಲ್ಲಿ ಸುಮಾರು ಶೇಕಡಾ 65 ಮಂದಿಗೆ ಒಳ್ಳೆಯ ಅಥವಾ ಅತ್ಯುತ್ತಮ ಫಲ ಸಿಕ್ಕಿತು. ಅದಕ್ಕೆ ಹಿಡಿದದ್ದು 24 ವಾರ. ಅಷ್ಟೂ ದಿನ ಅವರು ಸನ್‌ಸ್ಕ್ರೀನನ್ನೂ ಹಚ್ಚಿಕೊಂಡಿದ್ದರು.

ವಿಜ್ಞಾನ ಓದಿದವಳಾದ್ದರಿಂದ ಈ ನಿಧಾನಕ್ಕೆ ಕಾರಣ ನನಗೆ ಗೊತ್ತು. ಸೂರ್ಯನ ಬೆಳಕು ಜೀವಕೋಶದ ಕೇಂದ್ರವನ್ನು ಸುಡದಿರಲೆಂದು ಚರ್ಮ ಅದರ ಮೇಲೆ ಮೆಲನಿನ್ನಿನ ಕೊಡೆ ಹಿಡಿಯುತ್ತದೆ. ಬಂಗಿನಲ್ಲಿ ಆ ಕೊಡೆಗಳು ಅಗತ್ಯಕ್ಕಿಂತ ಹೆಚ್ಚು ತಯಾರಾಗುತ್ತಿರುತ್ತವೆ. ತಾವು ಮಾಡುವುದು ಹೊಸ ತಯಾರಿಕೆಯನ್ನು ತಗ್ಗಿಸುವ ಕೆಲಸ. ಆಗಲೇ ಮೇಲೆ ಬಂದು ಕೂತ ಬಣ್ಣವನ್ನು ತಾವು ಕೆರೆದು ತೆಗೆಯುವುದಿಲ್ಲ. ಮೇಲ್ಚರ್ಮ ಹಳೆಯ ಕೋಶಗಳನ್ನು ಉದುರಿಸಿ ಹೊಸದಾಗಲು ತಿಂಗಳು, ತಿಂಗಳಿಗೂ ಹೆಚ್ಚು ಬೇಕು. ಅಂಥ ಹಲವು ಸುತ್ತು ಕಳೆದಾಗ ಕನ್ನಡಿಯಲ್ಲಿ ವ್ಯತ್ಯಾಸ. ಬಣ್ಣ ಒಳಚರ್ಮಕ್ಕೆ ಇಳಿದಿದ್ದರೆ ಅದೂ ಅರ್ಧಂಬರ್ಧ. ಇದನ್ನೆಲ್ಲ ನಾನು ಒಪ್ಪುತ್ತೇನೆ. ಆದರೆ ಮುಂದಿನ ತಿಂಗಳು ಹೆಣ್ಣು ನೋಡಲು ಬರುವವರಿಗೆ ಇದನ್ನು ಹೇಗೆ ಒಪ್ಪಿಸುವುದು? ನೆಂಟರ ಮದುವೆಯಲ್ಲಿ "ಏನೇ ಇದು, ಮುಖಕ್ಕೆ ಏನಾಯ್ತೇ?" ಎಂದು ಎಲ್ಲರೆದುರು ಕೇಳುವ ದೊಡ್ಡಮ್ಮನಿಗೆ ಮೇಲ್ಚರ್ಮದ ಸುತ್ತುಗಳ ಲೆಕ್ಕ ಹೇಳಲಾಗುತ್ತದೆಯೇ?

ತಮ್ಮ ನಿಧಾನದಿಂದ ತೆರವಾದ ಜಾಗದಲ್ಲಿ ಯಾರು ಬಂದು ಕೂತಿದ್ದಾರೆ ಎಂಬುದನ್ನು ತಾವು ದಯಮಾಡಿ ನೋಡಬೇಕು. ಈ ಪತ್ರ ಬರೆಯಲು ನನ್ನನ್ನು ಕೂರಿಸಿದ್ದೇ ಆ ಸಂಗತಿ.

ನಮ್ಮ ಓಣಿಯ ಹುಡುಗಿಯೊಬ್ಬಳು ಬಿ.ಕಾಂ ಓದುವಾಗ ಮೆಡಿಕಲ್ ಶಾಪಿನ ಕೌಂಟರಿನಲ್ಲಿ "ಕಲೆಗೆ ಏನಾದರೂ ಕೊಡಿ" ಎಂದು ಕೇಳಿದಳು. ಚೀಟಿ ಕೇಳದೆ ಒಂದು ಟ್ಯೂಬು ಕೊಟ್ಟರು. ವಾರ ಕಳೆಯುವುದರೊಳಗೆ ಮುಖ ತಿಳಿಯಾಯಿತು, ಮೊಡವೆ ಅಡಗಿತು. ಮನೆಯವರೆಲ್ಲ ಹೊಗಳಿದರು, ಅವಳ ಅಕ್ಕನೂ ಅದನ್ನೇ ತರಿಸಿಕೊಂಡಳು. ಆ ಟ್ಯೂಬಿನಲ್ಲಿ ಇದ್ದದ್ದು ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಜತೆಗೆ ಮೊಮೆಟಾಸೋನ್ ಎಂಬ ಸ್ಟೀರಾಯ್ಡ್. ಈ ಮೂರರ ಜೋಡಣೆಗೆ ಹಿನ್ನೆಲೆಯೂ ಇದೆ. 1975ರಲ್ಲಿ ಅಮೆರಿಕದ ವೈದ್ಯರಾದ ಆಲ್ಬರ್ಟ್ ಕ್ಲಿಗ್ಮನ್ ಮತ್ತು ಐಸಾಕ್ ವಿಲ್ಲಿಸ್ ಇಂಥದೊಂದು ಮಿಶ್ರಣವನ್ನು ಪ್ರಕಟಿಸಿದರು. ವೈದ್ಯರ ಕಣ್ಣಳತೆಯಲ್ಲಿ, ಕೆಲವೇ ವಾರಗಳ ಮಟ್ಟಿಗೆ ಬಳಸಿದರೆ ಇಂಥ ಮಿಶ್ರಣ ಬಂಗಿಗೆ ಇಂದಿಗೂ ಒಳ್ಳೆಯ ಮದ್ದೇ. ನಮ್ಮಲ್ಲಿ ಅದು ಸ್ನೋ, ಪೌಡರಿನ ಜತೆ ಡ್ರೆಸ್ಸಿಂಗ್ ಟೇಬಲ್ ಸೇರಿತು. ವರ್ಷಗಟ್ಟಲೆ ಅಲ್ಲೇ ಉಳಿಯಿತು.

ಆಮೇಲೆ ಆದದ್ದನ್ನು ಯಾವ ಚರ್ಮರೋಗ ವೈದ್ಯರನ್ನು ಕೇಳಿದರೂ ಕಣ್ಣು ಮುಚ್ಚಿಕೊಂಡು ಹೇಳುತ್ತಾರೆ. ಕ್ರೀಮು ಬಿಟ್ಟ ಮೂರನೇ ದಿನಕ್ಕೆ ಮುಖ ಕೆಂಡವಾಯಿತು. ಹಚ್ಚಿದರೆ ತಣ್ಣಗೆ, ಬಿಟ್ಟರೆ ಉರಿ. ಚರ್ಮ ತೆಳುವಾಗಿ ಕೆನ್ನೆಯ ಮೇಲೆ ಕೆಂಪು ರಕ್ತನಾಳಗಳ ಎಳೆ ಕಾಣತೊಡಗಿತು. ಗಲ್ಲದ ಮೇಲೆ ಕೂದಲು ಬೆಳೆಯಿತು, ಮೊಡವೆ ಮೊದಲಿಗಿಂತ ಹೆಚ್ಚಾಗಿ ಮುಖದ ತುಂಬ ಎದ್ದವು. ಅವಳು ಕಾಲೇಜಿಗೆ ದುಪಟ್ಟಾದಲ್ಲಿ ಮುಖ ಸುತ್ತಿಕೊಂಡು ಹೋಗುತ್ತಿದ್ದಳು, ಪರೀಕ್ಷಾ ಕೊಠಡಿಯಲ್ಲಿ ಅದನ್ನು ಬಿಚ್ಚಬೇಕಾಗುತ್ತದೆಂದು ಅಳುತ್ತಿದ್ದಳು. ಇದು ಅವಳೊಬ್ಬಳ ಪಾಡಲ್ಲ. ಇಂಥ ಮುಖಗಳು ಎಷ್ಟು ಹೆಚ್ಚಿದವೆಂದರೆ ನಮ್ಮ ದೇಶದ ವೈದ್ಯರೇ ಇದಕ್ಕೆ ಸ್ಟೀರಾಯ್ಡಿನಿಂದ ಹಾಳಾದ ಮುಖ ಎಂದು ಪ್ರತ್ಯೇಕ ಹೆಸರಿಟ್ಟು ಬರೆಯಬೇಕಾಯಿತು. ದೇಶದ ಚರ್ಮರೋಗ ತಜ್ಞರ ಸಂಘ ಇದರ ವಿರುದ್ಧ ವರ್ಷಗಳ ಕಾಲ ದನಿಯೆತ್ತಿತು. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚಿಕೊಳ್ಳುವ 14 ಬಗೆಯ ಸ್ಟೀರಾಯ್ಡುಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿ, ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದಿತು. ಕಾನೂನು ಗೆಜೆಟ್‌ನಲ್ಲಿದೆ. ಕೌಂಟರಿನಲ್ಲಿ "ಬೆಳ್ಳಗಾಗೋ ಕ್ರೀಮು" ಎಂದು ಕೇಳುವವರೂ ಕೊಡುವವರೂ ಇನ್ನೂ ಇದ್ದಾರೆ.

ಆ ಹುಡುಗಿಯ ಮುಖಕ್ಕೆ ಡಾಕ್ಟರು ಮೊದಲು ಎಲ್ಲ ಕ್ರೀಮನ್ನೂ ನಿಲ್ಲಿಸಿದರು. ಉರಿ ಇಳಿದು ಚರ್ಮ ಸ್ವಲ್ಪ ಚೇತರಿಸಿಕೊಂಡ ಮೇಲೆ ಉಳಿದ ಮೊಡವೆಗೂ ಕಲೆಗೂ ಬರೆದುಕೊಟ್ಟದ್ದು ತಮ್ಮನ್ನು. ನಾನು ತಮ್ಮಲ್ಲಿ ಮಾಡುವ ಬಹುದೊಡ್ಡ ದೂರು ಇದೇ, ಪ್ರಭುಗಳೇ. ಕೊನೆಗೆ ಬರುತ್ತೀರಿ. ದುಡ್ಡು ಕಳೆದು, ವರ್ಷ ಕಳೆದು, ಚರ್ಮ ಕಳೆದುಕೊಂಡ ಮೇಲೆ ತಮ್ಮ ದರ್ಶನವಾಗುತ್ತದೆ. ಅವಳು ಮೊದಲ ಸಲ ಕೌಂಟರಿನ ಮುಂದೆ ನಿಂತಾಗಲೂ ತಾವು ಅದೇ ಅಂಗಡಿಯ ಕಪಾಟಿನಲ್ಲಿ ಇದ್ದಿರಿ.

ಇನ್ನು ತಮ್ಮ ಸ್ವಾಗತದ ರೀತಿ. ಮೊದಲ ದಿನ ಹಚ್ಚಿದ ಕೂಡಲೇ ಚುರುಚುರು. ಆಮೇಲೆ ನವೆ, ಕೆರೆಯಬಾರದೆಂದು ಕೈ ಕಟ್ಟಿ ಕೂರುವಷ್ಟು ನವೆ. ಇದನ್ನೂ ತಮ್ಮ ಪ್ರಾಮಾಣಿಕತೆ ಎಂದೇ ಸ್ವೀಕರಿಸಿದ್ದೇನೆ, ಏಕೆಂದರೆ ಸ್ಟೀರಾಯ್ಡು ಮೊದಲ ದಿನ ತಂಪು ಮಾಡಿ ಆಮೇಲೆ ಸುಡುತ್ತದೆ, ತಾವು ಮೊದಲೇ ಚುರುಗುಟ್ಟಿಸಿ ಆಮೇಲೆ ಸುಮ್ಮನಾಗುತ್ತೀರಿ. ಬಹುಪಾಲು ಜನರಿಗೆ ಕೆಲವು ವಾರಗಳಲ್ಲಿ ಆ ಚುರುಕು ತಗ್ಗುತ್ತದೆ. ಇದನ್ನು ತಿಳಿಯದ ಎಷ್ಟೋ ಜನ ಎರಡನೇ ದಿನಕ್ಕೇ "ನನಗೆ ಅಲರ್ಜಿ" ಎಂದು ಟ್ಯೂಬನ್ನು ಮೂಲೆಗೆ ಎಸೆದಿದ್ದಾರೆ. ಮುಖ ತೊಳೆದು ಪೂರ್ತಿ ಒಣಗಲು ಬಿಡಬೇಕು, ಒದ್ದೆ ಮುಖಕ್ಕೆ ಹಚ್ಚಿದರೆ ಉರಿ ಹೆಚ್ಚು. ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟೇ ಸಾಕು. ಶುರುವಿನಲ್ಲಿ ದಿನ ಬಿಟ್ಟು ದಿನ, ಚರ್ಮ ಸೂಕ್ಷ್ಮವಾಗಿದ್ದರೆ ಮೊದಲು ಮಾಯಿಶ್ಚರೈಸರ್ ಹಚ್ಚಿ ಅದರ ಮೇಲೆ ತಮ್ಮನ್ನು. ಕಣ್ಣಂಚು, ತುಟಿಯ ಮೂಲೆ, ಮೂಗಿನ ಬದಿಯ ಮಡಿಕೆ ಇವಕ್ಕೆ ತಾಗಿಸಬಾರದು. ತಮ್ಮನ್ನು ಹಚ್ಚುವ ಕಾಲದಲ್ಲಿ ನಿಂಬೆಹಣ್ಣು ಉಜ್ಜುವುದು, ಸಕ್ಕರೆ ಸ್ಕ್ರಬ್ಬು, ಪಾರ್ಲರಿನ ಬ್ಲೀಚು ಎಲ್ಲಕ್ಕೂ ವಿರಾಮ. ಅಷ್ಟಾದ ಮೇಲೂ ಉರಿ ನಿಲ್ಲದೆ ಮುಖ ಊದಿಕೊಂಡರೆ ಅದು ತಾಳಿಕೊಳ್ಳಬೇಕಾದ ಚುರುಕಲ್ಲ, ನಿಲ್ಲಿಸಿ ಡಾಕ್ಟರ ಬಳಿ ಹೋಗಬೇಕು. ಇಷ್ಟನ್ನು ಯಾರಾದರೂ ಐದು ನಿಮಿಷ ಕೂರಿಸಿ ಹೇಳಿದ್ದರೆ ಮೂಲೆ ಸೇರಿದ ಅರ್ಧದಷ್ಟು ಟ್ಯೂಬುಗಳು ಖಾಲಿಯಾಗುತ್ತಿದ್ದವು.

ತಾವು ನೀರಿನಲ್ಲಿ ಸರಿಯಾಗಿ ಕರಗದವರು. ಅದರಿಂದಾಗಿ ಕೆಲವು ಕ್ರೀಮುಗಳು ಮುಖದ ಮೇಲೆ ಮರಳು ಮರಳಾಗಿ ನಿಲ್ಲುತ್ತವೆ, ಮೇಲೆ ಸನ್‌ಸ್ಕ್ರೀನ್ ಹಚ್ಚಿದರೆ ಉಂಡೆಯುಂಡೆಯಾಗಿ ಉದುರುತ್ತವೆ. ಜತೆಗೆ ತಮ್ಮ ಶೇಕಡಾವಾರು ಗೊಂದಲ ಬೇರೆ. ಸೌಂದರ್ಯವರ್ಧಕಗಳ ಸಾಲಿನಲ್ಲಿ 10, ಮೆಡಿಕಲ್ ಶಾಪಿನಲ್ಲಿ 10, 15, 20. 20 ಎಂದರೆ 15ಕ್ಕಿಂತ ಮೇಲು ಎಂದು ಯಾರಾದರೂ ತಿಳಿಯುವುದು ಸಹಜ. ಆದರೆ ಶೇಕಡಾ 15ರ ಒಳ್ಳೆಯ ಜೆಲ್, ಶೇಕಡಾ 20ರ ಕ್ರೀಮಿಗಿಂತ ಚೆನ್ನಾಗಿ ಚರ್ಮದೊಳಕ್ಕೆ ಇಳಿಯಬಹುದು. ಯಾವುದು ಯಾರಿಗೆ ಎಂಬುದನ್ನು ಮುಖ ನೋಡಿದ ವೈದ್ಯರೇ ಹೇಳಬೇಕು. ಹೆಚ್ಚು ಅಂಕಿಯ ಟ್ಯೂಬಿಗೆ ಹೆಚ್ಚು ದುಡ್ಡು ಕೊಟ್ಟವರ ಮುಖದ ಮೇಲೆ ಹೆಚ್ಚು ನವೆಯಾಯಿತು, ಅಷ್ಟೇ.

ತಮ್ಮ ಪ್ರಮಾಣಪತ್ರಗಳ ವಿಷಯವನ್ನೂ ವಿನಯದಿಂದ ಎತ್ತುತ್ತೇನೆ. ಅಮೆರಿಕದ ಎಫ್‌ಡಿಎ 1995ರಲ್ಲಿ ತಮ್ಮ ಶೇಕಡಾ 20ರ ಕ್ರೀಮಿಗೆ ಮೊಡವೆಗೆಂದು ಮನ್ನಣೆ ಕೊಟ್ಟಿತು. 2002ರಲ್ಲಿ ಶೇಕಡಾ 15ರ ಜೆಲ್ಲಿಗೆ ರೊಸೇಷಿಯಾ ಎಂಬ ಮುಖ ಕೆಂಪಾಗುವ ಕಾಯಿಲೆಗೆಂದು ಮನ್ನಣೆ ಸಿಕ್ಕಿತು. ರೊಸೇಷಿಯಾ ಎಲ್ಲ ಬಣ್ಣದವರಿಗೂ ಬರುತ್ತದೆ, ಆದರೆ ಕಂಡು ಗುರುತಿಸುವುದು ಹೆಚ್ಚಾಗಿ ಬಿಳಿ ಚರ್ಮದಲ್ಲಿ. ಬಂಗು ಹೆಚ್ಚಾಗಿ ಕಾಡುವುದು ನಮ್ಮಂಥ ಕಂದು ಚರ್ಮದ ಹೆಂಗಸರನ್ನು. ಅದಕ್ಕೆ ಆ ಮನ್ನಣೆಯ ಪಟ್ಟಿಯಲ್ಲಿ ತಮ್ಮ ಹೆಸರಿಲ್ಲ. ವೈದ್ಯರು ತಂತಮ್ಮ ಅನುಭವದ ಮೇಲೆ, ಇದ್ದಷ್ಟು ಅಧ್ಯಯನಗಳ ಮೇಲೆ ಬರೆದುಕೊಡುತ್ತಾರೆ. ತಾವು ಬರೆದುಕೊಟ್ಟಲ್ಲಿಗೆ ಹೋಗಿ ಕೆಲಸ ಮಾಡುತ್ತೀರಿ. ನಮ್ಮ ಕಾಯಿಲೆಗೆ ಹೆಚ್ಚಿನ ಅಧ್ಯಯನ ನಡೆಯಲಿ ಎಂದು ಕೇಳುವವರಿಲ್ಲ ಎಂಬ ಕೊರಗು ನನಗಿದೆ.

ಒಂದು ವಿಷಯದಲ್ಲಿ ಮಾತ್ರ ತಮ್ಮ ಮುಂದೆ ನನ್ನ ತಲೆ ತಾನಾಗಿ ಬಾಗುತ್ತದೆ. ತಾವು ಯಾರನ್ನೂ ಬೆಳ್ಳಗೆ ಮಾಡುವುದಿಲ್ಲ. ಅತಿಯಾಗಿ ಕೆಲಸ ಮಾಡುತ್ತಿರುವ ವರ್ಣಕೋಶಗಳನ್ನು ತಡೆಯುತ್ತೀರಿ, ಹದವಾಗಿ ಇರುವವನ್ನು ಹೆಚ್ಚುಕಡಿಮೆ ಅವುಗಳ ಪಾಡಿಗೆ ಬಿಡುತ್ತೀರಿ. ಕಪ್ಪು ಚರ್ಮದವರಲ್ಲಿ ಅಪರೂಪಕ್ಕೆ ಹಚ್ಚಿದ ಜಾಗ ಬಿಳಿಚುವುದುಂಟು, ಅದಕ್ಕಾಗಿ ಕಣ್ಣಿಟ್ಟಿರಬೇಕೆಂದು ಔಷಧದ ಜತೆಗಿನ ಕಾಗದದಲ್ಲೇ ಎಚ್ಚರಿಕೆ ಇರುತ್ತದೆ. ಅದು ಅಡ್ಡಪರಿಣಾಮ, ತಮ್ಮ ಉದ್ದೇಶವಲ್ಲ. ನಮ್ಮಪ್ಪನಿಂದ ಬಂದ ನನ್ನ ಎಣ್ಣೆಗಪ್ಪು ಬಣ್ಣ ತಮ್ಮ ಸೇವೆಯ ಕಾಲದಲ್ಲಿ ಹಾಗೇ ಇದೆ, ಬಂಗು ಮಾತ್ರ ತಿಳಿಯಾಗಿದೆ. ಆದರೂ ತಮ್ಮ ಹೆಸರನ್ನು "ವೈಟನಿಂಗ್", "ಬ್ರೈಟನಿಂಗ್" ಎಂಬ ಡಬ್ಬಿಗಳ ಮೇಲೆ ಅಚ್ಚು ಹಾಕಿ ಮಾರುತ್ತಿದ್ದಾರೆ. ತಾವು ಆ ಡಬ್ಬಿಗಳಿಂದ ಇಳಿದು ಬರಬೇಕೆಂದು ಕೈ ಜೋಡಿಸಿ ಕೇಳುತ್ತೇನೆ. ಕಲೆ ಕಾಯಿಲೆ, ಕಪ್ಪು ಕಾಯಿಲೆಯಲ್ಲ. ಈ ಎರಡನ್ನು ಬೆರೆಸಿ ಮಾರಿದ್ದರಿಂದಲೇ ನಮ್ಮ ಓಣಿಯ ಆ ಹುಡುಗಿ ಕೌಂಟರಿನ ಮುಂದೆ ಹೋಗಿ ನಿಂತದ್ದು.

ಬಿಸಿಲಿನ ಮಾತು ಬಂದರೆ ತಾವು ತುಂಬ ಕಟ್ಟುನಿಟ್ಟು. ಸನ್‌ಸ್ಕ್ರೀನ್ ಇಲ್ಲದೆ ಬಂಗಿನ ಮೇಲೆ ತಮ್ಮ ಆಟ ನಡೆಯುವುದಿಲ್ಲ. ರಾತ್ರಿ ತಾವು ತಗ್ಗಿಸಿದ್ದನ್ನು ಹಗಲಿನ ಬೆಳಕು ಮತ್ತೆ ಏರಿಸುತ್ತದೆ. ನೇರಳಾತೀತ ಕಿರಣ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕು ಕೂಡ ಕಂದು ಚರ್ಮದಲ್ಲಿ ಬಂಗನ್ನು ಕೆದಕುತ್ತದೆ. ಆದ್ದರಿಂದ ಕಬ್ಬಿಣದ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಒಳ್ಳೆಯದೆನ್ನುತ್ತಾರೆ. ಅದನ್ನು ಎರಡು ಬೆರಳುದ್ದ ಹಚ್ಚಬೇಕು, ಹೊರಗಿದ್ದರೆ ಎರಡು ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಈಗ ಲೆಕ್ಕ ಹಾಕಿ, ಮಹಾಸ್ವಾಮಿ. ನಮ್ಮ ಬೀದಿಗೆ ಬೆಳಗ್ಗೆ ಸೊಪ್ಪಿನ ಬುಟ್ಟಿ ಹೊತ್ತು ಬರುವ ಅಕ್ಕನ ಎರಡೂ ಕೆನ್ನೆ ಬಂಗಿನಿಂದ ಕಪ್ಪಾಗಿವೆ. ಆಕೆ ನಡುಹಗಲಿನವರೆಗೆ ಬಿಸಿಲಲ್ಲೇ ಇರುತ್ತಾಳೆ. ಒಂದು ಟ್ಯೂಬು ಸನ್‌ಸ್ಕ್ರೀನ್, ಹೇಳಿದ ಅಳತೆಯಲ್ಲಿ ಹಚ್ಚಿದರೆ, ತಿಂಗಳಿಗೂ ಬರುವುದಿಲ್ಲ. ಅದರ ಬೆಲೆ ಆಕೆಯ ಒಂದು ದಿನದ ಲಾಭಕ್ಕಿಂತ ಹೆಚ್ಚು. ತಮ್ಮ ಟ್ಯೂಬಿನ ಬೆಲೆ ಅದರ ಮೇಲೆ. ಆಕೆ ಸೆರಗನ್ನು ಮುಂದಕ್ಕೆ ಎಳೆದುಕೊಳ್ಳುತ್ತಾಳೆ, ಅಗಲ ಅಂಚಿನ ಟೋಪಿ ಹಾಕಿಕೋ ಎಂದು ನಾನು ಹೇಳಿದರೆ "ಜನ ನಗ್ತಾರೆ ಮೇಡಂ" ಅನ್ನುತ್ತಾಳೆ. ಒಲೆಯ ಕಾವೂ ಬಂಗಿಗೆ ಆಗದೆಂದು ಡಾಕ್ಟರು ಹೇಳುತ್ತಾರೆ. ಮನೆಗೆ ಹೋಗಿ ಒಲೆಯ ಮುಂದೆ ರೊಟ್ಟಿ ಬಡಿಯುವವಳೂ ಅವಳೇ.

ಬಸುರಿಯರ ಪರವಾಗಿ ತಮಗೆ ವಿಶೇಷ ವಂದನೆ ಸಲ್ಲಬೇಕು. ಬಂಗು ಹೆಚ್ಚಾಗಿ ಹತ್ತಿಕೊಳ್ಳುವುದೇ ಬಸುರಿನಲ್ಲಿ. ಆ ಹೊತ್ತಿನಲ್ಲಿ ಟ್ರೆಟಿನಾಯಿನ್ ಬೇಡ, ಹೈಡ್ರೋಕ್ವಿನೋನ್ ಬೇಡ ಎಂದು ಒಂದೊಂದೇ ಬಾಗಿಲು ಮುಚ್ಚುತ್ತದೆ. ಹಚ್ಚಿದ್ದರಲ್ಲಿ ಸುಮಾರು ಶೇಕಡಾ 4 ಮಾತ್ರ ರಕ್ತಕ್ಕೆ ಸೇರುವ, ಆಹಾರದಲ್ಲೂ ಇರುವ ತಮ್ಮನ್ನು ಆಗಲೂ ವೈದ್ಯರು ಬರೆದುಕೊಡಲು ಹಿಂಜರಿಯುವುದಿಲ್ಲ. ಆದರೆ ಬಸುರಿಗೆ ಈ ಮಾತು ಯಾರು ತಲುಪಿಸುತ್ತಾರೆ? ತಪಾಸಣೆಗೆ ಹೋದಾಗ ರಕ್ತ, ಬಿ.ಪಿ., ಸ್ಕ್ಯಾನಿಂಗ್ ಎಲ್ಲ ನಡೆಯುತ್ತದೆ. ಮುಖದ ಬಂಗನ್ನು ಎತ್ತಿದರೆ "ಹೆರಿಗೆಯಾದ ಮೇಲೆ ಹೋಗುತ್ತೆ ಬಿಡಮ್ಮ" ಎನ್ನುತ್ತಾರೆ. ಕೆಲವರಿಗೆ ಹೋಗುತ್ತದೆ. ನನಗೆ ಹೋಗಲಿಲ್ಲ. ಆ ಮಾತನ್ನು ನಂಬಿ, ಕೊನೆಗೆ ಯಾವುದೋ ಕ್ರೀಮಿನ ಮೊರೆ ಹೊಕ್ಕ ಬಾಣಂತಿಯರು ನಮ್ಮ ಸುತ್ತ ಕಡಿಮೆಯೇನಿಲ್ಲ.

ಇನ್ನೊಂದನ್ನು ಹೇಳದೆ ಬಿಡಲಾರೆ. ತಾವು ಬಂಗನ್ನು ವಾಸಿ ಮಾಡುವುದಿಲ್ಲ, ಹದ್ದುಬಸ್ತಿನಲ್ಲಿ ಇಡುತ್ತೀರಿ. ಬೇಸಿಗೆ ಬಂದರೆ, ಮತ್ತೆ ಬಸುರಾದರೆ, ಗರ್ಭನಿರೋಧಕ ಮಾತ್ರೆ ಶುರುಮಾಡಿದರೆ ಅದು ತಿರುಗಿ ಬರಬಹುದು. ತಿಳಿಯಾದ ಕೆನ್ನೆ ನೋಡಿ ಹಿಗ್ಗಿ ತಮ್ಮನ್ನೂ ಸನ್‌ಸ್ಕ್ರೀನನ್ನೂ ಒಟ್ಟಿಗೆ ಬಿಟ್ಟವರು ಮುಂದಿನ ಏಪ್ರಿಲ್ ಹೊತ್ತಿಗೆ ಮತ್ತೆ ಡಾಕ್ಟರ ಮುಂದೆ ಕೂತಿರುತ್ತಾರೆ. ಮೊದಲ ಭೇಟಿಯಲ್ಲೇ ಇದನ್ನು ಹೇಳಿದರೆ ಜನ ಬೇಸರಪಡುತ್ತಾರೆಂದು ಹೇಳದೆ ಇರುವುದುಂಟು. ಹೇಳಿ ಬೇಸರಪಡಿಸುವುದೇ ಮೇಲೆಂದು ನಾನು ನಂಬಿದ್ದೇನೆ. ನನ್ನ ವಿದ್ಯಾರ್ಥಿನಿಯರಿಗೆ ನಾನು ಯಾವ ಮುಲಾಮಿನ ಹೆಸರನ್ನೂ ಬರೆದುಕೊಡುವುದಿಲ್ಲ, ಅದು ನನ್ನ ಕೆಲಸವಲ್ಲ. ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ತಾಯಿಯನ್ನು ಕರೆದುಕೊಂಡು ಹೋಗು ಎನ್ನುತ್ತೇನೆ. ಹೋಗುವ ಮುಂಚೆ ಮನೆಯಲ್ಲಿ ಹಚ್ಚುತ್ತಿರುವ ಎಲ್ಲ ಟ್ಯೂಬುಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸು ಎನ್ನುತ್ತೇನೆ. ಎಷ್ಟೋ ಸಲ ಕಾಯಿಲೆಯ ಕಾರಣ ಆ ಚೀಲದಲ್ಲೇ ಇರುತ್ತದೆ.

ಇಷ್ಟೆಲ್ಲ ಅರಿಕೆ ಮಾಡಿಕೊಂಡ ಮೇಲೆ ನನ್ನ ಬೇಡಿಕೆ ದೊಡ್ಡದೇನಲ್ಲ. ತಾವು ಬೇಗ ಕೆಲಸ ಮಾಡಿರೆಂದು ಕೇಳುವುದಿಲ್ಲ, ಅದು ಚರ್ಮದ ಗತಿ. ಚುರುಗುಟ್ಟಬೇಡಿರೆಂದೂ ಕೇಳುವುದಿಲ್ಲ. ತಮ್ಮ ಟ್ಯೂಬಿನ ಮೇಲೂ, ಅದರ ಪೆಟ್ಟಿಗೆಯೊಳಗೆ ಮಡಿಸಿಟ್ಟ ಕಾಗದದ ಮೇಲೂ ಕನ್ನಡದಲ್ಲಿ ನಾಲ್ಕು ಸಾಲು ಬರೆಸಿಕೊಡಿ. ನಾನು ನೋಡಿದ ಯಾವ ಟ್ಯೂಬಿನಲ್ಲೂ ಅದಿಲ್ಲ, ಇರುವ ಇಂಗ್ಲಿಷು ಭೂತಗನ್ನಡಿ ಹಿಡಿದರೂ ಕಾಣದಷ್ಟು ಸಣ್ಣದು. ಮೊದಲ ಕೆಲವು ವಾರ ಚುರುಗುಟ್ಟುತ್ತದೆ, ಹೆದರಬೇಡಿ. ಮೂರು ತಿಂಗಳಾದರೂ ಬಿಡದೆ ಹಚ್ಚಿ. ಹಗಲು ಸನ್‌ಸ್ಕ್ರೀನ್ ಇಲ್ಲದೆ ಬಂಗು ಹೋಗದು. ಇದು ಬೆಳ್ಳಗಾಗುವ ಕ್ರೀಮಲ್ಲ. ಇಷ್ಟೇ. ಸೊಪ್ಪಿನ ಅಕ್ಕನಿಗೆ ಏಳನೇ ಇಯತ್ತೆಯವರೆಗೆ ಓದಾಗಿದೆ, ದಿನಪತ್ರಿಕೆ ಓದುತ್ತಾಳೆ. ಇದನ್ನೂ ಓದಿಕೊಳ್ಳುತ್ತಾಳೆ. ಜತೆಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಬಿ.ಪಿ. ಮಾತ್ರೆ ಸಿಗುವ ಕಿಟಕಿಯಲ್ಲಿ ತಮ್ಮ ಟ್ಯೂಬೂ ಒಂದು ಸನ್‌ಸ್ಕ್ರೀನೂ ಸಿಗುವಂತೆ ತಾವು ಯಾರ ಬಳಿ ಹೇಳಬೇಕೋ ಅವರ ಬಳಿ ಹೇಳಿ. ಅವರ ವಿಳಾಸ ತಿಳಿಸಿದರೆ ಮುಂದಿನ ಪತ್ರವನ್ನು ನಾನು ಅವರಿಗೇ ಬರೆಯುತ್ತೇನೆ.

ಇತಿ ತಮ್ಮ ವಿಧೇಯಳು,
ದಾವಣಗೆರೆಯ ಒಬ್ಬ ವಿಜ್ಞಾನ ಶಿಕ್ಷಕಿ